ಬಲೂನ್ ಸಾಹೇಬರ ಒಂದೇ ಗೆರೆ

ಅವರು ಯಾರ ಮನೆಗೆ ಬಂದರೂ ಮೊದಲು ಗೋಡೆ ನೋಡುತ್ತಿದ್ದರು. ದೇವರ ಪಟ, ಕ್ಯಾಲೆಂಡರು, ಮದುವೆ ಫೋಟೋ ಯಾವುದೂ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಉಷ್ಣಮಾಪಕ ಇದೆಯೋ ಇಲ್ಲವೋ, ಅಷ್ಟೇ. ಇಲ್ಲದಿದ್ದರೆ ಪಾಪ, ಸಪ್ಪೆ ಮುಖ ಮಾಡಿಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದರು. ಇದ್ದರೆ ಕೊಟ್ಟ ಕಾಫಿ ಆರಿಹೋದರೂ ಅದರ ಮುಂದೆಯೇ ನಿಂತಿರುತ್ತಿದ್ದರು. ನಮ್ಮ ಕೊಳ್ಳೇಗಾಲದ ಸುತ್ತಮುತ್ತ ರೇಷ್ಮೆಹುಳು ಸಾಕುವ ಮನೆಗಳಲ್ಲಿ ಬಿಟ್ಟರೆ ಬೇರೆ ಯಾರ ಗೋಡೆಯಲ್ಲಿ ಉಷ್ಣಮಾಪಕ ಇರುತ್ತದೆ? ಹಾಗಾಗಿ ಅವರ ಸ್ನೇಹಿತರೆಲ್ಲ ಹುಳು ಸಾಕುವವರೇ ಆದರು. ನಾನು ಅವರ ಕೈಗೆ ಸಿಕ್ಕಿಬಿದ್ದದ್ದೂ ಹೀಗೆಯೇ.

ಅವರು ತೀರಿಕೊಂಡು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಯಳಂದೂರಿನಲ್ಲಿ ಅವರ ಹೆಸರು ಹೇಳಿದರೆ ಅರ್ಧ ಊರಿಗೆ ಗೊತ್ತಾಗುವುದೂ ಇಲ್ಲ. ‘ಬಲೂನ್ ಸಾಹೇಬ್ರು’ ಎಂದರೆ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವಳೂ ಮನೆ ತೋರಿಸುತ್ತಿದ್ದಳು. ಹವಾಮಾನದ ಕೆಲಸದಲ್ಲಿದ್ದು, ಊರೂರು ಅಲೆದು, ನಿವೃತ್ತರಾಗಿ ಹುಟ್ಟಿದೂರಿಗೆ ಬಂದು ತಂಗಿಯ ಜೊತೆ ಇದ್ದವರು. ಮೂವತ್ತು ಚಿಲ್ಲರೆ ವರ್ಷ ಅವರು ಮಾಡಿದ ಕೆಲಸ ಒಂದೇ. ದೊಡ್ಡ ಬಲೂನಿಗೆ ಗ್ಯಾಸ್ ತುಂಬುವುದು, ಅದರ ಬಾಲಕ್ಕೆ ಒಂದು ಸಣ್ಣ ಪೆಟ್ಟಿಗೆ ಕಟ್ಟುವುದು, ಆಕಾಶಕ್ಕೆ ಬಿಡುವುದು. ಪೆಟ್ಟಿಗೆ ಮೇಲೆ ಹೋಗುತ್ತಾ ಹೋಗುತ್ತಾ ಅಲ್ಲಿನ ಬಿಸಿ ಎಷ್ಟು, ತೇವ ಎಷ್ಟು, ಗಾಳಿ ಯಾವ ಕಡೆಗೆ ಎಂದು ರೇಡಿಯೋದಲ್ಲಿ ಕಳಿಸುತ್ತದೆ. ಕೆಳಗೆ ಕೂತು ಬರೆದುಕೊಳ್ಳಬೇಕು.

ಮೊದಲ ಸಲ ಇದನ್ನು ಕೇಳಿದಾಗ ನಾನು ಸುಮ್ಮನಿರದೆ, “ಸರ್ಕಾರಿ ಸಂಬ್ಳ ತಕಂಡು ಬಲೂನ್ ಬುಟ್ಕಂಡಿದ್ರಾ ಸಾ?” ಎಂದು ಕಿಚಾಯಿಸಿದ್ದೆ.

“ಊ ಕಣ್ರಿ. ದಿನಕ್ಕೆರಡು,” ಎಂದು ಅವರು ನಕ್ಕಿದ್ದರು. “ಒಂದೂ ವಾಪಸ್ ಬರ್ಲಿಲ್ಲ.”

ಅವರ ಮಾತಿನಲ್ಲಿ ಪದೇಪದೇ ಬರುವ ಪದ ‘ವಾಡಿಕೆ’. ನಮಗೆಲ್ಲ ಸೆಖೆ, ಚಳಿ, ಮಳೆ ಇರುತ್ತಿದ್ದವು. ಅವರಿಗೆ ಮಾತ್ರ ‘ವಾಡಿಕೆಗಿಂತ ಎರಡು ಜಾಸ್ತಿ’, ‘ವಾಡಿಕೆಗಿಂತ ಒಂದೂವರೆ ಕಮ್ಮಿ’. ಆರೋಗ್ಯ ವಿಚಾರಿಸಿದರೂ “ವಾಡಿಕೆಯಷ್ಟೆ ಅದೆ” ಎನ್ನುತ್ತಿದ್ದರು. ಬೆಳಗ್ಗೆ ಎಂಟೂವರೆಗೆ ಅವರು ತಮ್ಮ ಹಿತ್ತಿಲಿನ ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದು ಒಳಗಿನ ಉಷ್ಣಮಾಪಕಗಳ ಅಂಕಿ ನೋಡಲೇಬೇಕು. ಒಮ್ಮೆ ಯಳಂದೂರಿನ ಛತ್ರವೊಂದರಲ್ಲಿ ಮದುವೆ. ಉಪ್ಪಿಟ್ಟು ಬಡಿಸಿದ್ದರು, ಇವರು ಎರಡು ತುತ್ತು ತಿಂದು ಗಡಿಯಾರ ನೋಡಿ ಎದ್ದೇಬಿಟ್ಟರು. ಗಂಡಿನ ಕಡೆಯವರು ಉಪ್ಪಿಟ್ಟಿನಲ್ಲಿ ಏನೋ ಬಿದ್ದಿದೆ ಎಂದು ಗಾಬರಿಯಾಗಿ ಅಡುಗೆಯವನನ್ನು ಕರೆಸಿದರು. ಇಪ್ಪತ್ತು ನಿಮಿಷ ಬಿಟ್ಟು ಇವರು ವಾಪಸು ಬಂದು, ಅದೇ ಎಲೆಯ ಮುಂದೆ ಕೂತು, ಆರಿದ ಉಪ್ಪಿಟ್ಟನ್ನು ತಿಂದು ಮುಗಿಸಿದರಂತೆ.

ಹಿಮ ಕಂಡವರು ನಮ್ಮ ಕಡೆ ಯಾರಿದ್ದಾರೆ? ಒಡೆಯರಪಾಳ್ಯದ ಟಿಬೆಟಿಯನ್ ಕ್ಯಾಂಪಿನ ಒಬ್ಬ ಮುದುಕರನ್ನು ಬಿಟ್ಟರೆ ಇವರೇ. ತಿಂಗಳಿಗೊಮ್ಮೆ ಹೋಗಿ ಆ ಮುದುಕರ ಜಗುಲಿಯಲ್ಲಿ ಕೂರುತ್ತಿದ್ದರು. ಒಂದೇ ಊರಿನವರು ಊರಿನ ಸುದ್ದಿ ಮಾತಾಡಿಕೊಂಡಂತೆ ಇಬ್ಬರೂ ಹಿಮದ ಸುದ್ದಿ ಮಾತಾಡುತ್ತಿದ್ದರು. ಆ ಮುದುಕರ ಹಿಮ ಬೆಟ್ಟದ ಮೇಲಿನದು. ನಮ್ಮವರದು ಭೂಮಿಯ ಕೆಳತುದಿಯದು, ದಕ್ಷಿಣ ಧ್ರುವದ ಕಡೆಯದು. ಅಲ್ಲಿನ ಒಂದು ಸಂಶೋಧನಾ ಕೇಂದ್ರದಲ್ಲಿ ಅವರು ಒಂದು ಇಡೀ ಚಳಿಗಾಲ ಬಲೂನ್ ಬಿಟ್ಟಿದ್ದರು. ಅದರ ಬಗ್ಗೆ ಮಾತ್ರ ನನ್ನ ಹತ್ತಿರ ಬಹಳ ದಿನ ಬಾಯಿ ಬಿಡಲಿಲ್ಲ.

ನನ್ನ ಕಥೆಯನ್ನೂ ಸ್ವಲ್ಪ ಹೇಳಬೇಕು. ಹೇಳದಿದ್ದರೆ ಅವರು ಯಾಕೆ ನನ್ನನ್ನು ಐದು ವರ್ಷ ಕಾಡಿದರು ಎನ್ನುವುದು ತಿಳಿಯುವುದಿಲ್ಲ.

ಮಧುವನಹಳ್ಳಿಯಲ್ಲಿ ನನ್ನದೊಂದು ಚಾಕಿ ಕೇಂದ್ರವಿದೆ. ರೇಷ್ಮೆಹುಳು ಮೊಟ್ಟೆಯೊಡೆದು ಬಂದಾಗ ಇರುವೆಗಿಂತ ಸಣ್ಣದು, ಎಳೆ ಕೂಸು. ಅದನ್ನು ನಾವು ಎಂಟು ಹತ್ತು ದಿನ ಸಾಕಿ, ಎರಡು ‘ಜ್ವರ’ ದಾಟಿಸಿ, ಅಂದರೆ ಎರಡು ಸಲ ಚರ್ಮ ಬಿಡುವವರೆಗೆ ನೋಡಿಕೊಂಡು, ಆಮೇಲೆ ಟ್ರೇಗಳಲ್ಲಿ ರೈತರ ಮನೆಗೆ ತಲುಪಿಸುತ್ತೇವೆ. ಅದು ಚಾಕಿ. ಆ ಹತ್ತು ದಿನ ಕೋಣೆ ಬೆಚ್ಚಗಿರಬೇಕು, ಅದಕ್ಕಿಂತ ಮುಖ್ಯವಾಗಿ ಗಾಳಿ ತೇವವಾಗಿರಬೇಕು. ತೇವ ಇಲ್ಲದಿದ್ದರೆ ಸೊಪ್ಪು ಒಣಗುತ್ತದೆ, ಹುಳು ಸರಿಯಾಗಿ ತಿನ್ನುವುದಿಲ್ಲ. ತೊಂದರೆ ಅಲ್ಲಿ ಕಾಣುವುದಿಲ್ಲ. ಹದಿನೈದು ದಿನ ಬಿಟ್ಟು ರೈತರ ಮನೆಯಲ್ಲಿ ಕಾಣುತ್ತದೆ.

ತೇವ ಅಳೆಯಲು ಗೋಡೆಯ ಮೇಲೆ ಎರಡು ಉಷ್ಣಮಾಪಕ ಅಕ್ಕಪಕ್ಕ ಇರುತ್ತವೆ. ಒಂದು ಸುಮ್ಮನೆ ಇರುತ್ತದೆ. ಇನ್ನೊಂದರ ಬುಡಕ್ಕೆ ಬಟ್ಟೆಯ ಬತ್ತಿ ಸುತ್ತಿ, ಬತ್ತಿಯ ತುದಿಯನ್ನು ಕೆಳಗಿನ ಪುಟ್ಟ ಬಟ್ಟಲಿನ ನೀರಿನಲ್ಲಿ ಇಳಿಬಿಟ್ಟಿರುತ್ತಾರೆ. ಗಾಳಿ ಒಣಗಿದ್ದರೆ ಬತ್ತಿಯ ನೀರು ಬೇಗ ಆರಿ ಅದು ತಣ್ಣಗಾಗುತ್ತದೆ, ಎರಡರ ನಡುವೆ ಅಂತರ ಬೀಳುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಎರಡೂ ಹೆಚ್ಚುಕಮ್ಮಿ ಒಂದೇ ಅಂಕಿ ತೋರಿಸುತ್ತವೆ. ದಿನಕ್ಕೆ ಮೂರು ಸಲ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಬರೆಯುತ್ತಿದ್ದೆವು ಕೂಡ, ಸಂಜೆ ಒಂದೇ ಸಲಕ್ಕೆ, ಮೂರು ಹೊತ್ತಿನದನ್ನೂ: ಬಿಸಿ ಇಪ್ಪತ್ತೇಳು, ತೇವ ಎಂಬತ್ತೈದು. ಪುಸ್ತಕದಲ್ಲಿ ಎಷ್ಟಿರಬೇಕು ಎಂದಿದೆಯೋ ಅಷ್ಟು. ನಮ್ಮ ಕಸುಬಿನಲ್ಲಿ ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ‘ರಿಜಿಸ್ಟರ್ ತುಂಬೋದು’ ಎನ್ನುತ್ತಾರೆ.

ಐದು ವರ್ಷದ ಹಿಂದಿನ ಬೇಸಿಗೆಯಲ್ಲಿ ದೊಡ್ಡ ಕೋಣೆ ತುಂಬಿಹೋಗಿತ್ತು. ಒಡೆಯರಪಾಳ್ಯದ ಆಚೆ ಕಾಡಂಚಿನ ಒಂದು ಊರಿನ ಚಿಕ್ಕತಾಯಮ್ಮನ ಮನೆಗೆ ಹೋಗಬೇಕಾದ ಹುಳುವನ್ನು ಮಾತ್ರ ಹಿಂದಿನ ಸಣ್ಣ ಕೋಣೆಯಲ್ಲಿ ಇಟ್ಟಿದ್ದೆ. ಅಲ್ಲಿಯೂ ಗೋಡೆಗೆ ಜೋಡಿ ಉಷ್ಣಮಾಪಕ ಹಾಕಿದ್ದೆ. ಹೋದಾಗೆಲ್ಲ ಎರಡೂ ಒಂದೇ ಅಂಕಿ ತೋರಿಸುತ್ತಿದ್ದವು. ಭೇಷ್, ತೇವ ತುಂಬಿ ತುಳುಕುತ್ತಿದೆ ಎಂದುಕೊಂಡು, ತೇವಕ್ಕೆಂದು ಕಿಟಕಿಗೆ ಕಟ್ಟಿದ್ದ ಗೋಣಿಚೀಲಕ್ಕೆ ನೀರು ಚಿಮುಕಿಸುವುದನ್ನೂ ನಿಲ್ಲಿಸಿದ್ದೆ.

ಟ್ರೇಗಳನ್ನು ಸಾಗಿಸಿದ ಮಾರನೆಯ ದಿನ ಬಲೂನ್ ಸಾಹೇಬರು ಬಂದರು. ಎಂದಿನಂತೆ ಗೋಡೆ ನೋಡುತ್ತಾ ನೋಡುತ್ತಾ ಆ ಸಣ್ಣ ಕೋಣೆಗೂ ಹೋದರು.

“ನೋಡಿ ಸಾ, ನೂರಕ್ಕೆ ನೂರು ತೇವ!” ಎಂದೆ ಜಂಬದಿಂದ.

ಅವರು ಹೆಬ್ಬೆರಳು ತೋರುಬೆರಳಿನಲ್ಲಿ ಬತ್ತಿಯನ್ನು ಮೆಲ್ಲಗೆ ಚಿವುಟಿದರು. ಅದು ಅವರ ಕೈ ಅಭ್ಯಾಸ. ಹಗ್ಗದ ಮೇಲೆ ಒಣಹಾಕಿದ ಟವಲನ್ನೂ ಹಾಗೆಯೇ ಚಿವುಟಿ ನೋಡುತ್ತಿದ್ದರು. ಬತ್ತಿ ಒಣಗಿದ ಬೇರಿನ ಹಾಗೆ ಸೆಟೆದುಕೊಂಡಿತ್ತು. ಬಟ್ಟಲಿನಲ್ಲಿ ಹನಿ ನೀರಿಲ್ಲ, ಜೇಡ ಬಲೆ ಕಟ್ಟಿತ್ತು.

“ಒಣಗೋಗಿರೋ ಬತ್ತಿ ಎಂಗ್ರೀ ತಣ್ಣಗಾಯ್ತದೆ?” ಎಂದರು. “ಎರಡೂ ಒಂದೇ ತೋರುಸ್ದೆ ಇನ್ನೇನ್ ಮಾಡಾವು? ನಿಮ್ ಕೋಣೆ ತೇವಾಗಿಲ್ಲ. ಇಂಚಿಂಚೂ ಒಣಗೋಗದೆ.”

ಆಮೇಲೆ ರಿಜಿಸ್ಟರ್ ತರಿಸಿ ನೋಡಿದರು. ಹತ್ತು ದಿನ, ದಿನಕ್ಕೆ ಮೂರು ಸಲ, ಇಪ್ಪತ್ತೇಳು, ಎಂಬತ್ತೈದು. “ಇದೇನ್ ಕಣ್ರಿ, ಮಕ್ಳು ಮಗ್ಗಿ ಬರ್ದಂಗದೆ,” ಎಂದರು. ನಾನು ಅವರ ಮುಖ ನೋಡಲಾರದೆ ಬ್ಲೇಡು ಹುಡುಕಿದೆ. ಕೆರೆದು ಸರಿಮಾಡೋಣ ಎಂದು. ಅವರು ನನ್ನ ಕೈ ಹಿಡಿದರು. ಆವತ್ತು ಮಾತ್ರ ಅವರ ದನಿ ಏರಿದ್ದನ್ನು ಕೇಳಿದೆ.

“ಕೆರೀಬೇಡಿ! ಬರ್ದದ್ದ ಅಳಿಸ್ಬಾರ್ದು. ಒಂದೇ ಗೆರೆ ಎಳೀರಿ. ಕೆಳಗಿನ ತಪ್ಪು ಓದೋಕ್ ಕಾಣ್ಬೇಕು. ಅದರ ಮ್ಯಾಲೆ ಸರಿಯಾದ್ದ ಬರೀರಿ. ಪಕ್ಕದಲ್ಲಿ ನಿಮ್ ಸಹಿ ಹಾಕ್ರಿ.”

“ಸರಿಯಾದ್ದು ಎಷ್ಟು ಅಂತ ನಂಗೇನ್ ಗೊತ್ತು ಸಾ? ನಾ ನೋಡೇ ಇಲ್ಲ.”

“ಅದನ್ನೇ ಬರೀರಿ.”

ಮೂವತ್ತು ಗೆರೆ ಎಳೆದೆ. ಮೂವತ್ತು ಸಲ ‘ನೋಡಲಿಲ್ಲ’ ಎಂದು ಬರೆದೆ. ಮೂವತ್ತು ಸಹಿ ಹಾಕಿದೆ. ನಲವತ್ತೈದು ದಾಟಿದ ಗಂಡಸು ನಾನು, ಕೂತು ಇಂಪೊಸಿಷನ್ ಬರೆದಂತಾಯಿತು.

ಹದಿನೈದು ದಿನಕ್ಕೆ ಚಿಕ್ಕತಾಯಮ್ಮನ ಮನೆಯ ಹುಳುವಿಗೆ ಸಪ್ಪೆ ರೋಗ ಬಂದು ಇಡೀ ಬೆಳೆ ಹೋಯಿತು. ಮೈ ಮೆತ್ತಗಾಗಿ, ಕರ್ರಗಾಗಿ, ಒಂದು ಗೂಡೂ ಕಟ್ಟದೆ ಸತ್ತವು. ಅದಕ್ಕಿಂತ ಕೆಟ್ಟದ್ದು ಮುಂದಿನದು. ಆ ದಿನಗಳಲ್ಲಿ ಅವಳ ಗಂಡ ಜ್ವರದಿಂದ ಕೊಳ್ಳೇಗಾಲದ ಆಸ್ಪತ್ರೆಯಲ್ಲಿದ್ದ, ಅತ್ತೆ ಅವನ ಜೊತೆಗಿದ್ದಳು. ಚಿಕ್ಕತಾಯಮ್ಮ ಹೊರಗಾಗಿದ್ದಳು. ತಿಂಗಳಿನ ಆ ಮೂರು ದಿನ ಹೆಂಗಸರು ಹುಳು ಮನೆಯ ಹೊಸ್ತಿಲು ತುಳಿಯಬಾರದು ಎನ್ನುವುದು ನಮ್ಮ ಕಡೆ ಇನ್ನೂ ಇದೆ. ಆದರೆ ಹುಳು ಹಸಿದಿದ್ದವು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಒಳಗೆ ಹೋಗಿ ಸೊಪ್ಪು ಹಾಕಿದಳು. ಪಕ್ಕದ ಮನೆಯವರು ಕಂಡರು. ಬೆಳೆ ಹೋದ ಮೇಲೆ ಕಾರಣ ಹುಡುಕಬೇಕಾಗಲಿಲ್ಲ, ಕೈಗೇ ಸಿಕ್ಕಿತು. ಅಂದಿನಿಂದ ಅತ್ತೆ ಅವಳನ್ನು ಹುಳು ಮನೆಗೆ ಸೇರಿಸಲಿಲ್ಲ. ಆ ಮೂರು ದಿನ ಮಾತ್ರವಲ್ಲ, ಯಾವ ದಿನವೂ. ತೋಟದಿಂದ ಸೊಪ್ಪು ಕೊಯ್ದು ತರುವುದು, ಹೊಸ್ತಿಲ ಹೊರಗೆ ಇಳಿಸುವುದು, ವಾಪಸು ಹೋಗುವುದು. ಮದುವೆಯಾಗಿ ಬಂದ ದಿನದಿಂದ ಆ ಮನೆಯ ಹುಳು ಸಾಕಿದವಳು ಅವಳೇ. ಅವಳಷ್ಟು ಚೆನ್ನಾಗಿ ಹುಳುವಿನ ಹಸಿವು ತಿಳಿದವರನ್ನು ಈ ಸೀಮೆಯಲ್ಲಿ ನಾನು ಕಂಡಿಲ್ಲ.

ಬಲೂನ್ ಸಾಹೇಬರು ಈ ಸುದ್ದಿ ತಿಳಿದ ದಿನವೇ ನನ್ನ ಕೇಂದ್ರಕ್ಕೆ ಬಂದರು. ಗೋಡೆ ನೋಡಲಿಲ್ಲ. “ಬತ್ತಿ ವಿಚಾರ ಅವ್ರಿಗೆ ಯೋಳಿದ್ರಾ?” ಎಂದರು.

“ಯೋಳ್ತೀನಿ ಸಾ. ಈ ಬೆಳೆ ಮುಗೀಲಿ.”

ಆ ಬೆಳೆ ಮುಗಿಯಿತು. ಮತ್ತೆ ಕೇಳಿದರು. ಅವಳ ಗಂಡ ಊರಲ್ಲಿಲ್ಲ ಎಂದೆ. ಇನ್ನೊಮ್ಮೆ, ಅತ್ತೆಗೆ ಸಿಟ್ಟು ಜಾಸ್ತಿ ಎಂದೆ. ಹಬ್ಬ ಬಂತು ಎಂದೆ, ಗಾಡಿ ಕೆಟ್ಟಿದೆ ಎಂದೆ. ಕೇಂದ್ರದ ಹೆಸರು ಕೆಡುತ್ತದೆ, ಅದರ ಜೊತೆ ನನ್ನ ಮರ್ಯಾದೆಯೂ ಹೋಗುತ್ತದೆ ಎಂದು ಮಾತ್ರ ಹೇಳಲಿಲ್ಲ. ಅವರಿಗೆ ಅದು ಗೊತ್ತಿತ್ತು. ಒಂದು ದಿನ ರೇಗಿಹೋಗಿ, “ಅಷ್ಟೊಂದಿದ್ರ ನೀವೇ ಯೋಳ್ಬುಡಿ ಸಾ!” ಎಂದುಬಿಟ್ಟೆ.

“ಬರ್ದೋರೇ ತಿದ್ಬೇಕು ಕಣ್ರಿ,” ಎಂದರು ನೆಮ್ಮದಿಯಾಗಿ. “ಬ್ಯಾರೆಯವ್ರು ತಿದ್ದಿದ್ರೆ ಅದು ಚಾಡಿ ಆಯ್ತದೆ.”

ಎರಡು ವರ್ಷದ ಹಿಂದೆ ಒಮ್ಮೆ ಟ್ರೇ ತುಂಬಿದ ಗಾಡಿಯಲ್ಲಿ ನನ್ನ ಜೊತೆ ಬಂದರು, ಒಡೆಯರಪಾಳ್ಯದ ಮುದುಕರನ್ನು ನೋಡುವ ನೆಪದಲ್ಲಿ. ಮೊದಲು ಚಿಕ್ಕತಾಯಮ್ಮನ ಮನೆಗೆ ಹೋದೆವು. ಅವಳು ತಲೆಯ ಮೇಲಿನ ಸೊಪ್ಪಿನ ಹೊರೆಯನ್ನು ಹುಳು ಮನೆಯ ಬಾಗಿಲಲ್ಲಿ ಇಳಿಸುತ್ತಿದ್ದಳು. ಸಾಹೇಬರು ಹೊರಗೇ ನಿಂತು, “ಒಳಗ ಬಿಸಿ ಎಷ್ಟದೆ ನೋಡಿ ಯೋಳವ್ವ,” ಎಂದರು. ಅವರಿಗೆ ಕೇಳದೆ ಇರಲಾಗುವುದಿಲ್ಲವಲ್ಲ.

“ನಾನು ಒಳಕ ಓಗಂಗಿಲ್ಲ ಸಾ,” ಎಂದಳು ಅವಳು. ಹೇಳುವಾಗ ನಗುತ್ತಿದ್ದಳು. ಊರವರ ಮುಂದೆ ಎಷ್ಟೋ ಸಲ ಹೇಳಿ ರೂಢಿಯಾದ ನಗು ಅದು. ನಾನು ಟ್ರೇ ಇಳಿಸುವುದರಲ್ಲಿ ಮುಳುಗಿದಂತೆ ನಟಿಸಿದೆ.

ವಾಪಸು ಬರುವಾಗ ಕಾಡಂಚಿನಲ್ಲಿ ಗಾಡಿ ನಿಲ್ಲಿಸಿ ಎಂದರು. ಒಂದು ಹೊಲದ ಸೋಲಾರ್ ಬೇಲಿ ಮರದ ಕೊಂಬೆ ಬಿದ್ದು ಜೋತುಬಿದ್ದಿತ್ತು. ಅದೇ ಜಾಗದಲ್ಲಿ ಆನೆ ನುಗ್ಗಿ ಜೋಳವನ್ನೆಲ್ಲ ತುಳಿದು ಹೋಗಿತ್ತು. ಅವರು ಬೇಲಿ ನೋಡಿದರು, ಆಮೇಲೆ ತಲೆಯೆತ್ತಿ ಆಕಾಶ ನೋಡಿದರು. ತುಂಬಾ ಮೇಲೆ, ಹಿಂಜಿದ ಹತ್ತಿಯ ಎಳೆಗಳಂಥ ಮೋಡ ಒಂದೇ ದಿಕ್ಕಿಗೆ ಎಳೆದುಕೊಂಡಿತ್ತು.

“ಅಲ್ಲಿ ಮ್ಯಾಲೆ ಗಾಳಿ ರೈಲಿಗಿಂತ ಜೋರಾಗಿ ಓಡ್ತಾ ಅದೆ,” ಎಂದರು. “ಜೆಟ್ ಗಾಳಿ ಅಂತೀವಿ ನಾವು. ಇಲ್ಲಿದು ಬೇರೆ. ಧ್ರುವದ ಸುತ್ತ ಒಂದು ಇದೆ, ಅದು ಬೇಲಿ ಇದ್ದಂಗೆ. ಚಳಿ ಒಳಗೆ, ಬಿಸಿ ಆಚೆಗೆ. ಬೇಲಿ ನೆಟ್ಟಗಿರೋಗಂಟ ಅದರ ಪಾಡಿಗೆ ಅದು. ಎಲ್ಲಾದ್ರೂ ಹಿಂಗ್ ಜೋತುಬಿತ್ತು ಅನ್ನಿ, ಒಂದ್ ಕಡೆ ಚಳಿ ಆಚೆಗ್ ಸುರೀತದೆ. ಇನ್ನೊಂದ್ ಕಡೆ ದೂರದ ಸಮುದ್ರದ ಬೆಚ್ಚನೆ ಗಾಳಿ ಒಳಕ್ ನುಗ್ತದೆ. ಬರಿಗೈಲಿ ಬರಕಿಲ್ಲ ಅದು, ನೀರಾವಿ ಹೊತ್ಕಂಡ್ ಬತ್ತದೆ.”

ಆಮೇಲೆ ಆ ಹೊಲದ ಬದುವಿನ ಮೇಲೆ ಕೂತು, ಅಷ್ಟು ದಿನ ಬಾಯಿಬಿಡದಿದ್ದ ಹಿಮದ ಕಥೆ ಹೇಳಿದರು.

ಅಲ್ಲಿ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯ ಹುಟ್ಟುವುದಿಲ್ಲವಂತೆ. ಮಧ್ಯಾಹ್ನ ಹನ್ನೆರಡಕ್ಕೂ ದೀಪ ಹಾಕಿಕೊಂಡೇ ಬಲೂನ್ ಬಿಡಬೇಕು. ಒಂದು ಮಧ್ಯಾಹ್ನ ಬಿಟ್ಟ ಬಲೂನು ವಿಚಿತ್ರವಾದ ಅಂಕಿ ಕಳಿಸಿತು. ಕೆಳಗೆ, ಇವರು ನಿಂತಲ್ಲಿ, ಎಂದಿನ ಕೊರೆಯುವ ಚಳಿ. ಆದರೆ ಒಂದೆರಡು ಕಿಲೋಮೀಟರ್ ಮೇಲೆ ಹೋದರೆ ವಾಡಿಕೆಗಿಂತ ಎಷ್ಟೋ ಡಿಗ್ರಿ ಬೆಚ್ಚಗಿನ ಗಾಳಿ, ಅದರ ತುಂಬಾ ತೇವ. ಆ ತಿಂಗಳಲ್ಲಿ, ಆ ಜಾಗದಲ್ಲಿ ಅಂಥ ಅಂಕಿಯನ್ನು ಅವರು ಯಾವ ಹಳೆಯ ಪುಸ್ತಕದಲ್ಲೂ ಕಂಡಿರಲಿಲ್ಲ. ಬೆಚ್ಚಗಿನ ಕೋಣೆಯಿಂದ ತಂದ ಪೆಟ್ಟಿಗೆಯ ಮೇಲೆ ಮಂಜು ಕೂತಿದೆ, ಅದಕ್ಕೇ ತೇವ ತೋರಿಸುತ್ತಿದೆ ಎಂದುಕೊಂಡರು. ಎಲ್ಲ ಅಂಕಿಗಳ ಮೇಲೂ ಒಂದೇ ಗೆರೆ ಎಳೆದು, ‘ಉಪಕರಣ ದೋಷ’ ಎಂದು ಬರೆದು ಸಹಿ ಹಾಕಿದರು.

“ನೀವ್ ಒಣಗಿರೋ ಬತ್ತಿ ನೋಡಿ ತೇವ ಅಂದ್ರಿ,” ಎಂದರು. “ನಾನು ನಿಜವಾದ ತೇವ ನೋಡಿ ಬತ್ತಿ ಕೆಟ್ಟದೆ ಅಂದೆ. ಇಬ್ರೂ ಒಂದೇ. ಎಷ್ಟ್ ಬರ್ಬೇಕು ಅಂತ ನಮಗ್ ಮೊದ್ಲೇ ಗೊತ್ತಿತ್ತಲ್ಲ, ಅದೇ ಮೋಸ ಮಾಡ್ತು.”

ಮಾರನೆಯ ದಿನ ಬಿರುಗಾಳಿ ಎದ್ದು ಬಲೂನ್ ಬಿಡಲಾಗಲಿಲ್ಲ. ನೆಲದ ಮೇಲಿನ ಉಷ್ಣಮಾಪಕವೂ ಏರತೊಡಗಿತು. ಆಕಾಶದಲ್ಲಿ ಸೂರ್ಯನೇ ಇಲ್ಲ, ಆದರೂ ಸಂಜೆಯ ಹೊತ್ತಿಗೆ ಸೂರಿನ ಅಂಚಿನಿಂದ ನೀರು ತೊಟ್ಟಿಕ್ಕಿತು. ಅಲ್ಲಿದ್ದವರೆಲ್ಲ ಹೊರಗೆ ಬಂದು ಕೈಯೊಡ್ಡಿ ನಿಂತರಂತೆ, ಕೆಲವರಿಗೆ ಖುಷಿ. ಇವರು ಮಾತ್ರ ಒಳಗೆ ಹೋಗಿ ಹಿಂದಿನ ದಿನದ ಪುಟ ತೆರೆದರು.

“ಸೂರ್ಯ ಇಲ್ದೆ ಕಾವು ಎಲ್ಲಿಂದ ಬಂತು ಸಾ?” ಎಂದು ಕೇಳಿದೆ. ನನಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

“ನೀರಾವಿಯಿಂದ. ಇಡ್ಲಿ ಪಾತ್ರೆ ಮುಚ್ಚಳ ತೆಗ್ದಾಗ ಹಬೆ ಕೈಗ್ ತಾಕಿದ್ರೆ ಎಂಗ್ ಸುಡ್ತದೆ? ಆವಿ ಮತ್ತೆ ನೀರಾಗುವಾಗ ಒಳಗಿಟ್ಕಂಡಿದ್ದ ಕಾವ್ನೆಲ್ಲಾ ಬುಟ್ಕೊಡ್ತದೆ. ಅದು ಒಂದು. ಇನ್ನೊಂದು, ನಿಮ್ ಟ್ರೇ ಮ್ಯಾಲೆ ಪ್ಯಾರಫಿನ್ ಕಾಗ್ದ ಮುಚ್ತೀರಲ್ಲ, ಆ ಥರ ಮ್ಯಾಲೆ ಮುಚ್ಕತದೆ. ನೆಲದ ಕಾವು ಆಕಾಶಕ್ ಓಗಕ್ ಬುಡಕಿಲ್ಲ. ನಮ್ಮಲ್ಲೂ ಚಳಿಗಾಲದಾಗ ಮೋಡ ಮುಚ್ಚಿದ್ ದಿನ ಬೆಳಿಗ್ಗೆ ಚಳಿ ಕಮ್ಮಿ ಇರಕಿಲ್ವಾ? ಹಂಗೆ. ಬೇಲಿ ಜಾಗ ಬುಡ್ತು, ಆವಿ ಒಳಕ್ ಬಂತು, ಬಂದದ್ದು ಹೊದಿಕೆ ಆಗಿ ಕೂತ್ಕತು.”

ಆ ಬಿಸಿ ಬರುವುದನ್ನು ಮೊದಲು ಕಂಡದ್ದು ಅವರ ಆ ಒಂದು ಬಲೂನು. ಅದರ ಮೇಲೆಯೇ ಅವರು ಗೆರೆ ಎಳೆದಿದ್ದರು.

“ಯಾರಾದ್ರೂ ಸತ್ರಾ ಸಾ?”

“ಇಲ್ಲ. ಯಾರಿಗೂ ಏನೂ ಆಗ್ಲಿಲ್ಲ. ಅಚ್ಚುಕಟ್ಟಾಗಿ ಕೆಲ್ಸ ಮಾಡ್ತಾರೆ ಅಂತ ನಂಗೊಂದ್ ಕಾಗ್ದಾನೂ ಕೊಟ್ರು.” ಬದುವಿನ ಮಣ್ಣು ಕೊಡವಿಕೊಂಡು ಎದ್ದರು. “ಈಗ ಧ್ರುವದಲ್ಲಿ ಹಂಗ್ ಇದ್ದಕ್ಕಿದ್ದಂಗೆ ಬೆಚ್ಚಗಾದ ಸುದ್ದಿ ಪೇಪರ್‌ನಾಗೆ ಬಂದಾಗೆಲ್ಲಾ ಊಟ ಸೇರಕಿಲ್ಲ. ಅದು ನನ್ ಮುಂದೆ ಬಂದು ನಿಂತಿತ್ತು, ನಾನು ನಂಬ್ಲಿಲ್ಲ. ನಿವೃತ್ತಿ ಆದ್ಮೇಲೆ ತಪ್ಪು ನಂದೇ ಅಂತ ಆಫೀಸಿಗೆ ಬರ್ದು ಕಳ್ಸಿದ್ದೀನಿ. ಆ ಹಳೇ ರಿಜಿಸ್ಟರ್ ಯಾವ ಬೀರುವಿನಲ್ಲಿ ಅದೋ, ಯಾರು ನೋಡ್ತಾರೋ. ಒಂದೇ ಗೆರೆ ಎಳ್ದಿದ್ದೆ, ಅಷ್ಟೇ ಸಮಾಧಾನ. ಕೆಳಗಿಂದು ಇನ್ನೂ ಓದ್ಬೋದು.”

ನಾನು ಗಾಡಿ ಸ್ಟಾರ್ಟ್ ಮಾಡಿದೆ. ಒಡೆಯರಪಾಳ್ಯ ಬರುವಷ್ಟರಲ್ಲಿ ಅವರು ಇನ್ನೊಂದು ಮಾತು ಹೇಳಿದರು. “ನನ್ ತಪ್ಪು ಕಾಯ್ತದೆ ಕಣ್ರಿ, ಅದು ಹಿಮದ ಮ್ಯಾಗಿಂದು. ನಿಮ್ದು ಹಂಗಲ್ಲ. ಅಲ್ಲೊಬ್ಳು ಹೊಸ್ಲಾಚೆ ನಿಂತವ್ಳೆ.”

ಅಂದಿನಿಂದ ಅವರು ‘ಯೋಳಿದ್ರಾ’ ಎಂದು ಕೇಳುವುದನ್ನು ನಿಲ್ಲಿಸಿದರು. ಅದು ನನಗೆ ಇನ್ನೂ ಕಷ್ಟವಾಯಿತು. ಕೇಳಿದ್ದರೆ ಒಂದು ನೆಪ ಹೇಳಬಹುದಿತ್ತು. ಅವರು ಬರುತ್ತಿದ್ದರು, ಬತ್ತಿ ಚಿವುಟಿ ಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದರು, ಕಾಫಿ ಕುಡಿದು ಹೋಗುತ್ತಿದ್ದರು. ಕೊನೆಯ ಸಲ ಬಂದಾಗ ತುಂಬಾ ಇಳಿದುಹೋಗಿದ್ದರು. “ಎಂಗಿದ್ದೀರಿ ಸಾ?” ಎಂದರೆ “ವಾಡಿಕೆಯಷ್ಟೆ” ಎನ್ನಲಿಲ್ಲ. “ಈಗ ವಾಡಿಕೆ ಅನ್ನೋದೇ ಒಂದ್ ಕಡೆ ನಿಲ್ತಾ ಇಲ್ಲ,” ಎಂದರು. ತಮ್ಮ ಮೈಯ ಬಗ್ಗೆ ಹೇಳಿದರೋ ಲೋಕದ ಬಗ್ಗೆಯೋ, ನಾನು ಕೇಳಲಿಲ್ಲ. ಕೇಳಬೇಕಿತ್ತು ಎಂದು ಈಗ ಸಂಕಟವಾಗುತ್ತದೆ.

ಸತ್ತ ಸುದ್ದಿ ನನಗೆ ತಡವಾಗಿ ತಿಳಿಯಿತು. ಯಳಂದೂರಿಗೆ ಹೋದಾಗ ಎಲ್ಲ ಮುಗಿದಿತ್ತು. ಅವರ ತಂಗಿ ಹಿತ್ತಿಲಿಗೆ ಕರೆದುಕೊಂಡು ಹೋದರು. ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದೆ. ಅಭ್ಯಾಸಬಲ, ಬತ್ತಿ ಚಿವುಟಿದೆ. ಬತ್ತಿ ಒದ್ದೆಯಾಗಿತ್ತು.

“ಬತ್ತಿ ಒಣಗುದ್ರೆ ಅಣ್ಣ ಬಯ್ತಿದ್ರು,” ಎಂದರು ತಂಗಿ. “ಅದ್ಕೇ ದಿನಾ ನೀರ್ ಹಾಕ್ತಾವ್ನಿ. ಅಂಕಿ ನೋಡಕ್ ನಂಗ್ ಬರಕಿಲ್ಲ ಕಣಪ್ಪ.”

ಅವರ ರಿಜಿಸ್ಟರ್ ಅಲ್ಲೇ ಗೋಡೆಯ ಗೂಡಿನಲ್ಲಿತ್ತು. ದಿನಕ್ಕೊಂದು ಸಾಲು, ಮುದ್ದಾದ ಅಕ್ಷರ. ಕೊನೆಯ ಪುಟದಲ್ಲಿ ಅಕ್ಷರ ಅಲುಗಿತ್ತು. ಹಾಸಿಗೆಯಿಂದ ಏಳಲಾರದ ದಿನಗಳಲ್ಲಿ ತಂಗಿಯಿಂದ ಪುಸ್ತಕ ತರಿಸಿಕೊಂಡು ಬರೆದಿದ್ದರಂತೆ. ಮೂರು ಸಾಲುಗಳಲ್ಲಿ ಅಂಕಿ ಇರಲಿಲ್ಲ. ‘ನೋಡಲಿಲ್ಲ’, ಸಹಿ. ‘ನೋಡಲಿಲ್ಲ’, ಸಹಿ. ‘ನೋಡಲಿಲ್ಲ’. ಮೂರನೆಯದಕ್ಕೆ ಸಹಿ ಅರ್ಧವಾಗಿತ್ತು.

ಹಿತ್ತಿಲಿನಲ್ಲೇ ಕೂತು ಅತ್ತುಬಿಟ್ಟೆ. ಆಮೇಲೆ ಮನೆಗೆ ಹೋಗಲಿಲ್ಲ. ಕೊಳ್ಳೇಗಾಲ ದಾಟಿ, ಹನೂರು ದಾಟಿ ನೆಟ್ಟಗೆ ಚಿಕ್ಕತಾಯಮ್ಮನ ಊರಿಗೆ ಗಾಡಿ ಓಡಿಸಿದೆ.

ಹೊತ್ತು ಇನ್ನೂ ಇತ್ತು. ಅವಳು ಸೊಪ್ಪಿನ ಹೊರೆ ಇಳಿಸಿ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು. ಅತ್ತೆ ಹುಳು ಮನೆಯ ಜಗುಲಿಯ ಮೇಲೆ ಕೂತಿದ್ದಳು. “ಏನ್ ಸಾ, ಇವತ್ತು ಟ್ರೇ ದಿನ ಅಲ್ವಲ್ಲ?” ಎಂದಳು ಚಿಕ್ಕತಾಯಮ್ಮ.

ನಿಂತೇ ಹೇಳಿದೆ. ಸಣ್ಣ ಕೋಣೆ, ಒಣಗಿದ ಬತ್ತಿ, ನಿಲ್ಲಿಸಿದ ನೀರು, ರಿಜಿಸ್ಟರ್ ತುಂಬಿದ್ದು, ಎಲ್ಲ. “ಆ ಹುಳ ನಿಮ್ಮನೆಗ್ ಬರೋಕ್ ಮುಂಚೇನೇ ಕೆಟ್ಟಿದ್ವು. ನೀನ್ ಒಳಗ್ ಓಗಿದ್ಕಲ್ಲ ತಾಯವ್ವ. ತಪ್ಪು ನಂದು.”

ಅತ್ತೆ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು. “ಇರ್ಲಿ ಬುಡಿ ಸಾ, ಆಗೋಗಿದ್ದ ಈಗ್ಯಾಕ,” ಎಂದಳು.

“ನೀವ್ ಸುಮ್ನಿರಿ ಅತ್ತೆ,” ಎಂದಳು ಚಿಕ್ಕತಾಯಮ್ಮ. ಅವಳು ಅತ್ತೆಗೆ ಹಾಗೆ ಹೇಳಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ನನ್ನ ಕಡೆ ತಿರುಗಿದಳು. “ನಿಮ್ಗ ಇದು ಯಾವಾಗ ಗೊತ್ತಾಯ್ತು?”

“ಆವತ್ತೇ. ಹುಳ ಕಳಿಸಿದ್ ಮಾರ್ನೇ ದಿನ.”

“ಐದ್ ವರ್ಸ.” ಅವಳ ದನಿ ಏರಲಿಲ್ಲ. “ಐದ್ ವರ್ಸ ಇದೇ ಬಾಗ್ಲಿಗ ಟ್ರೇ ತಂದ್ರಿ. ನಾನು ಇಲ್ಲೇ ನಿಂತಿರ್ತಿದ್ದಿ. ನೀವು ನೋಡ್ತಿರ್ಲಿಲ್ವಾ?”

ಉತ್ತರಕ್ಕೆ ಬಾಯಿ ತೆರೆದೆ. ಬಲೂನ್ ಸಾಹೇಬರ ಕೊನೆಯ ಪುಟ ಕಣ್ಣಮುಂದೆ ಬಂತು. ಅವರಂತೆ ‘ನೋಡಲಿಲ್ಲ’ ಎನ್ನುವ ಹಕ್ಕು ನನಗಿರಲಿಲ್ಲ.

“ನೋಡ್ತಿದ್ದೆ ಕಣವ್ವ,” ಎಂದೆ.

ಅವಳು ತೊಟ್ಟಿಯ ಹತ್ತಿರ ಹೋಗಿ ಕೈಕಾಲು ತೊಳೆದುಕೊಂಡಳು. ಸೊಪ್ಪಿನ ಹೊರೆಯನ್ನು ಎತ್ತಿ ಕಂಕುಳಿಗೆ ಅವುಚಿಕೊಂಡಳು. ಸೋಂಕು ಬಾರದಂತೆ ಬಾಗಿಲಲ್ಲಿ ಹರಡಿದ್ದ ಸುಣ್ಣದ ಪುಡಿಯ ಮೇಲೆ ಪಾದ ಊರಿ, ಅತ್ತೆಯ ಮುಂದೆಯೇ ಹೊಸ್ತಿಲು ದಾಟಿ ಒಳಗೆ ಹೋದಳು. ಅತ್ತೆ ಆ ಸುಣ್ಣದ ಮೇಲೆ ಮೂಡಿದ ಹೆಜ್ಜೆಯನ್ನೇ ನೋಡುತ್ತಾ ಕೂತಿದ್ದಳು. ಒಳಗೆ ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು.

“ಸಾ,” ಎಂದು ಒಳಗಿಂದ ಕರೆದಳು. “ಈ ಬತ್ತಿ ಸರಿಯಾಗದಾ ಇಲ್ವಾ ಅಂತ ಎಂಗ್ ತಿಳ್ಕಳದು?”

“ಎರಡು ಬೆರಳಲ್ಲಿ ಚಿವುಟಿ ನೋಡವ್ವ.”

“ತೇವ ಅದ,” ಎಂದಳು ತುಸು ತಡೆದು.

ಬಾಗಿಲಿಗೆ ಬಂದಳು. ಬೆರಳನ್ನು ಸೀರೆಗೆ ಒರೆಸಿಕೊಂಡಳು. “ನಾಳಿಂದ ಅಂಕಿ ನಾನೇ ನೋಡ್ತೀನಿ. ಆದ್ರ ನೀವು ಇನ್‌ಮ್ಯಾಲ ಟ್ರೇ ತರ್ಬ್ಯಾಡಿ ಸಾ. ಬ್ಯಾರೆ ಕಡಯಿಂದ ತರುಸ್ಕತೀವಿ.”

“ಆಗ್ಲಿ ಕಣವ್ವ,” ಎಂದೆ. ಗೋಡೆಗೆ ಒರಗಿಸಿಟ್ಟಿದ್ದ ನನ್ನ ಖಾಲಿ ಟ್ರೇಗಳನ್ನು ಎತ್ತಿ ಗಾಡಿಗೆ ಹಾಕಿಕೊಂಡು ಬಂದೆ.